ಫಟಫಟ ಸದ್ದು ಮತ್ತು ನಮ್ಮ ಕಿವಿ

ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಹಳೆಯ ಯೆಜ್ದಿ ಬೈಕೊಂದು ಫಟಫಟ ಎಂದು ಹೋದರೆ ಇಂದಿಗೂ ಜನ ತಿರುಗಿ ನೋಡುತ್ತಾರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಆ ಗಾಡಿಯ ಮೋಹ ಹೋಗಿಲ್ಲ. ಜೋಡಿ ಸೈಲೆನ್ಸರಿನ ಸದ್ದು, ಮುಖಕ್ಕೆ ಬಡಿಯುವ ಗಾಳಿ ಮನಸ್ಸನ್ನು ಹಗುರಗೊಳಿಸುತ್ತವೆ. ಇದನ್ನು ಅಲ್ಲಗಳೆಯಲಾರೆ.

ಆದರೆ ಆ ಸದ್ದೂ ಸಾಲದೆಂದು ಸೈಲೆನ್ಸರಿನ ಒಳಕೊಳವೆ ಕಿತ್ತು ಓಡಿಸುವುದು ಬೇರೆ ಮಾತು. ಯೌವನದಲ್ಲಿ ನಾನೂ ಹಾಗೆ ಮಾಡಿದವನೇ. ಮುಂದೊಮ್ಮೆ ಇದೇ ರಸ್ತೆಯ ಗೋಳಗುಮ್ಮಟದ ಮೇಲೆ ಮೊಮ್ಮಗಳು ಆಚೆ ಬದಿಯಿಂದ ಪಿಸುಗುಟ್ಟಿದಳು. ಸುತ್ತಲಿದ್ದವರೆಲ್ಲ ಕೇಳಿ ನಕ್ಕರು, ನನಗೆ ಕೇಳಿಸಲಿಲ್ಲ. ವಯಸ್ಸಿನ ಪಾಲೂ ಇರಬಹುದು, ಆದರೆ ನನ್ನ ಪಾಲು ಇಲ್ಲವೆನ್ನಲಾರೆ.

ಒಳಕಿವಿಯಲ್ಲಿ ಸದ್ದನ್ನು ಗ್ರಹಿಸುವ ಸೂಕ್ಷ್ಮ ಕೇಶಕೋಶಗಳಿವೆ. ಒಮ್ಮೆ ಸತ್ತರೆ ಅವು ಮತ್ತೆ ಹುಟ್ಟುವುದಿಲ್ಲ. 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಬಹುದೆಂಬುದು ತಜ್ಞರ ಲೆಕ್ಕ. ಪ್ರತಿ 3 ಡೆಸಿಬಲ್ ಏರಿಕೆಗೆ ಈ ಅವಧಿ ಅರ್ಧವಾಗುತ್ತದೆ. 100 ಡೆಸಿಬಲ್ ಆದರೆ ಉಳಿಯುವುದು ಕೇವಲ ಕಾಲು ಗಂಟೆ! ಮೊದಲು ಹೋಗುವುದು ತೆಳು ಧ್ವನಿ, ಅಂದರೆ ಮಕ್ಕಳ ಮಾತು.

ಆದ್ದರಿಂದ ಹಳೆಯ ಗಾಡಿಯನ್ನು ಸಂತೋಷದಿಂದ ಓಡಿಸಿ. ಸೈಲೆನ್ಸರನ್ನು ಮಾತ್ರ ಇದ್ದಂತೆಯೇ ಬಿಡಿ. ದೂರದ ಸವಾರಿಗೆ ಹೆಲ್ಮೆಟ್ ಧರಿಸಿ. ಇಳಿದ ಮೇಲೆ ಕಿವಿ ಗುಂಯ್ ಎಂದರೆ ಅದು ಎಚ್ಚರಿಕೆ ಎಂದು ತಿಳಿಯಿರಿ. ಅದು ಮರುದಿನವೂ ನಿಲ್ಲದಿದ್ದರೆ ಕಿವಿಯ ವೈದ್ಯರಿಗೆ ತೋರಿಸಿ. ಗಾಡಿಯ ಬಿಡಿಭಾಗ ಹುಡುಕಿದರೆ ಎಲ್ಲಾದರೂ ಸಿಕ್ಕೀತು. ಕಿವಿಯದು ಸಿಗುವುದಿಲ್ಲ.