ಮಾತ್ರೆ ಅಗ್ಗ, ಆಸರೆ ದುಬಾರಿ

ಮಗುವಿಗೆ ಜ್ವರ ಬಂದಾಗ ಔಷಧಿ ಕೊಡಬೇಕೇ ಬೇಡವೇ ಎಂದು ನಮ್ಮ ಮನೆಗಳಲ್ಲಿ ಯಾರೂ ವಾರಗಟ್ಟಲೆ ಚರ್ಚಿಸುವುದಿಲ್ಲ. ವೈದ್ಯರು ಬರೆದುಕೊಟ್ಟದ್ದನ್ನು ತಂದು ಕುಡಿಸುತ್ತೇವೆ, ಅಷ್ಟೆ. ಅದೇ ಮಗು ದಿನಕ್ಕೆ ಐವತ್ತು ಸಲ ಕೈ ತೊಳೆಯುತ್ತಿದ್ದರೆ, ಬರೆದ ಅಕ್ಷರವನ್ನೇ ಹಾಳೆ ಹರಿಯುವವರೆಗೆ ಅಳಿಸಿ ಬರೆಯುತ್ತಿದ್ದರೆ, ‘ಅಮ್ಮ, ನಿನಗೇನೂ ಆಗುವುದಿಲ್ಲ ತಾನೇ?’ ಎಂದು ನಡುರಾತ್ರಿಯವರೆಗೆ ಕೇಳುತ್ತಲೇ ಇದ್ದರೆ, ಮನೋವೈದ್ಯರು ಬರೆದುಕೊಟ್ಟ ಒಂದು ಪುಟ್ಟ ಮಾತ್ರೆಯ ಮುಂದೆ ಇಡೀ ಕುಟುಂಬ ದಿಕ್ಕು ತೋಚದೆ ನಿಂತುಬಿಡುತ್ತದೆ. ಕೊಟ್ಟರೆ ಏನಾದೀತೋ ಎಂಬ ಭಯ. ಕೊಡದಿದ್ದರೆ ಇನ್ನೇನಾದೀತೋ ಎಂಬ ಭಯ. ಈ ಅಡಕತ್ತರಿಯಲ್ಲಿ ಸಿಲುಕಿದ ತಂದೆತಾಯಂದಿರ ಸಂಕಟ ಅವರ ಖಾಸಗಿ ವಿಷಯವೆಂದು ಸಮಾಜವೂ ಸರ್ಕಾರವೂ ಭಾವಿಸಿದಂತಿದೆ. ಅದು ಖಾಸಗಿ ವಿಷಯವಲ್ಲ, ಸಾರ್ವಜನಿಕ ನೀತಿಯ ವಿಷಯ ಎಂಬುದು ನನ್ನ ಅಭಿಪ್ರಾಯ.

ನಾನು ವೈದ್ಯನಲ್ಲ. ಅರ್ಥಶಾಸ್ತ್ರ ಓದಿ, ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಸೇವೆಯಲ್ಲಿದ್ದು ನಿವೃತ್ತನಾದವನು. ನಮ್ಮ ಕುಟುಂಬದ ಮಗುವೊಂದಕ್ಕೆ ಈ ತೊಂದರೆ ಕಾಣಿಸಿಕೊಂಡ ಬಳಿಕ, ಇಂಥ ಮಕ್ಕಳ ತಂದೆತಾಯಂದಿರೊಡನೆ ಕುಳಿತು ಮಾತನಾಡುವ ಸಂದರ್ಭಗಳು ಕೆಲವು ವರ್ಷಗಳಿಂದ ಒದಗಿಬಂದಿವೆ. ಯಾವ ಔಷಧಿ ಒಳ್ಳೆಯದು ಎಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ಆ ಔಷಧಿಯ ಸುತ್ತ ಕುಟುಂಬವೊಂದು ಹೊರಬೇಕಾದ ಹೊರೆಯನ್ನು ಲೆಕ್ಕ ಹಾಕುವ ಅಭ್ಯಾಸ ವೃತ್ತಿಯಿಂದಲೇ ಬಂದಿದೆ.

ಮೊದಲು ಕಾಯಿಲೆಯ ಬಗ್ಗೆ ಒಂದೆರಡು ಮಾತು. ಒಸಿಡಿ ಎಂದು ಕರೆಯಲಾಗುವ ಗೀಳು ಕಾಯಿಲೆಯಲ್ಲಿ ಬೇಡದ ಆಲೋಚನೆಯೊಂದು ಮನಸ್ಸಿಗೆ ಮತ್ತೆ ಮತ್ತೆ ನುಗ್ಗುತ್ತದೆ. ಅದು ಹುಟ್ಟಿಸುವ ಆತಂಕವನ್ನು ತಣಿಸಲು ಮಗು ಒಂದೇ ಕ್ರಿಯೆಯನ್ನು ಪುನರಾವರ್ತಿಸುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿಯ ಪುಕ್ಕಲು ಕಾಯಿಲೆಯಲ್ಲ. ಓರಣದ ಸ್ವಭಾವವೂ ಕಾಯಿಲೆಯಲ್ಲ. ದಿನದಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತನ್ನು ಅದು ನುಂಗಿದಾಗ, ಓದು, ಊಟ, ನಿದ್ದೆ, ಗೆಳೆತನಗಳಿಗೆ ಅಡ್ಡ ಬಂದಾಗ ಅದನ್ನು ಕಾಯಿಲೆಯೆಂದು ವೈದ್ಯರು ಪರಿಗಣಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ನೇತೃತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇರುವುದನ್ನು ಗುರುತಿಸಿತು. ಮಹಾನಗರಗಳಲ್ಲಿ ಈ ಪ್ರಮಾಣ ಶೇ 13.5. ನೂರು ಮಕ್ಕಳ ಶಾಲೆಯೊಂದನ್ನು ಕಣ್ಣ ಮುಂದೆ ತಂದುಕೊಂಡರೆ, ಇದು ಯಾರದೋ ಮನೆಯ ಅಪರೂಪದ ದುರದೃಷ್ಟವಲ್ಲ ಎಂಬುದು ಮನದಟ್ಟಾಗುತ್ತದೆ.

ನಮ್ಮಲ್ಲಿ ಈ ಕಾಯಿಲೆ ಮಡಿ-ಮೈಲಿಗೆಯ ಮರೆಯಲ್ಲಿ ಸುಲಭವಾಗಿ ಅಡಗಿಕೊಳ್ಳುತ್ತದೆ. ಹತ್ತು ವರ್ಷದ ಮೊಮ್ಮಗಳು ಬಚ್ಚಲಿನಲ್ಲಿ ಗಂಟೆಗಟ್ಟಲೆ ಇದ್ದರೆ ‘ಎಷ್ಟು ಶುದ್ಧ ನೋಡಿ’ ಎಂದು ಹೆಮ್ಮೆಪಟ್ಟ ಅಜ್ಜಿಯ ಕಥೆಯನ್ನು ಒಬ್ಬ ತಾಯಿ ನನಗೆ ಹೇಳಿದರು. ಆ ಹುಡುಗಿಯ ಅಂಗೈಯ ಚರ್ಮ ಒಡೆದು ರಕ್ತ ಒಸರುವವರೆಗೆ ಯಾರಿಗೂ ಅನುಮಾನ ಬರಲಿಲ್ಲವಂತೆ. ಅನುಮಾನ ಬಂದ ಮೇಲೂ ಮನೆಮಂದಿ ಮಾಡುವುದೇನು? ಮಗುವಿನ ಗೋಳು ನೋಡಲಾರದೆ ಅದು ಹೇಳಿದಂತೆ ತಾವೂ ಕೈಕಾಲು ತೊಳೆದು ಒಳಬರುತ್ತಾರೆ. ‘ಏನೂ ಆಗುವುದಿಲ್ಲ ಕಂದ’ ಎಂದು ಕೇಳಿದಷ್ಟು ಸಲವೂ ಉತ್ತರಿಸುತ್ತಾರೆ. ಪ್ರೀತಿಯಿಂದ ಮಾಡುವ ಈ ಸಹಕಾರವೇ ಗೀಳಿಗೆ ಮೇವಾಗುತ್ತದೆ ಎಂಬುದನ್ನು ತಜ್ಞರು ಮನಗಂಡಿದ್ದಾರೆ. ಅದನ್ನು ತಾಯಂದಿರಿಗೆ ಆಪಾದನೆಯ ದನಿಯಿಲ್ಲದೆ ತಿಳಿಸಿಕೊಡುವವರು ಮಾತ್ರ ಕಡಿಮೆ.

ಔಷಧಿಯ ವಿಷಯಕ್ಕೆ ಬಂದರೆ ಪೋಷಕರ ಅನುಭವ ಒಂದೇ ಬಗೆಯದಲ್ಲ. ‘ಮಾತ್ರೆ ಗೀಳನ್ನು ಓಡಿಸಲಿಲ್ಲ, ಅದರ ದನಿ ತಗ್ಗಿಸಿತು, ಆಮೇಲೆ ಮಗ ನಮ್ಮ ಮಾತು ಕೇಳಿಸಿಕೊಂಡ’ ಎಂದವರಿದ್ದಾರೆ. ಎರಡನೆಯ ವಾರದಲ್ಲಿ ಮಗ ನಿದ್ದೆಯಿಲ್ಲದೆ ಚಡಪಡಿಸತೊಡಗಿದಾಗ, ಕೇಳಲು ಯಾರೂ ಸಿಗದೆ, ತಾವೇ ಮಾತ್ರೆ ನಿಲ್ಲಿಸಿದ ತುಮಕೂರು ಕಡೆಯ ತಂದೆಯಿದ್ದಾರೆ. ಅತ್ತೆಮನೆಯವರಿಗೆ ತಿಳಿದರೆ ಮುಂದೆ ಮಗಳ ಮದುವೆಗೆ ತೊಡಕಾದೀತೆಂದು ಮಾತ್ರೆಯ ಪಟ್ಟಿಯನ್ನು ಇಂಗಿನ ಡಬ್ಬಿಯಲ್ಲಿ ಬಚ್ಚಿಟ್ಟ ತಾಯಿಯಿದ್ದಾರೆ. ನಾಲ್ಕು ತಿಂಗಳಲ್ಲಿ ಮಗು ಚೇತರಿಸಿಕೊಂಡಿತೆಂದು ಸಂತೋಷದಿಂದ ಔಷಧಿ ಬಿಡಿಸಿ, ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹೊತ್ತಿಗೆ ಎಲ್ಲವೂ ಮರುಕಳಿಸಿದ್ದನ್ನು ಕಂಡವರಿದ್ದಾರೆ. ಒಂದೂ ಮಾತ್ರೆಯಿಲ್ಲದೆ, ವರ್ತನಾ ಚಿಕಿತ್ಸೆಯಿಂದಲೇ ಮಗು ಗುಣ ಕಂಡ ಕುಟುಂಬಗಳೂ ಇವೆ. ಇವರಲ್ಲಿ ಯಾರನ್ನೂ ಅವಿವೇಕಿಗಳೆನ್ನಲು ನನಗೆ ಮನಸ್ಸಾಗದು. ತಮಗೆ ಗೊತ್ತಿದ್ದಷ್ಟರಲ್ಲಿ, ತಮಗೆ ಸಿಕ್ಕಷ್ಟರಲ್ಲಿ ಪ್ರತಿಯೊಬ್ಬರೂ ನಿರ್ಧರಿಸಿದ್ದಾರೆ.

ಹಾಗಾದರೆ ಗೊತ್ತಿರುವುದೇನು? 2004ರಲ್ಲಿ ಅಮೆರಿಕದಲ್ಲಿ ಗೀಳು ಕಾಯಿಲೆಯಿದ್ದ, 7ರಿಂದ 17 ವರ್ಷದ 112 ಮಕ್ಕಳ ಮೇಲೆ ನಡೆದ ಅಧ್ಯಯನವೊಂದು ಪ್ರಕಟವಾಯಿತು. ಹನ್ನೆರಡು ವಾರಗಳ ಕೊನೆಗೆ ಸರ್ಟ್ರಾಲಿನ್ ಎಂಬ ಔಷಧಿ ಮತ್ತು ವರ್ತನಾ ಚಿಕಿತ್ಸೆ ಎರಡನ್ನೂ ಪಡೆದವರಲ್ಲಿ ಶೇ 53.6, ವರ್ತನಾ ಚಿಕಿತ್ಸೆ ಮಾತ್ರ ಪಡೆದವರಲ್ಲಿ ಶೇ 39.3, ಔಷಧಿ ಮಾತ್ರ ಪಡೆದವರಲ್ಲಿ ಶೇ 21.4, ಹುಸಿಮಾತ್ರೆ ಪಡೆದವರಲ್ಲಿ ಶೇ 3.6ರಷ್ಟು ಮಕ್ಕಳು ಕಾಯಿಲೆಯ ಹಿಡಿತದಿಂದ ಬಹುಮಟ್ಟಿಗೆ ಹೊರಬಂದಿದ್ದರು. ಅಧ್ಯಯನ ಸಣ್ಣದೇ. ಆದರೆ 2008ರಲ್ಲಿ ಆತಂಕದ ಕಾಯಿಲೆಗಳಿದ್ದ 488 ಮಕ್ಕಳ ಅಧ್ಯಯನದಲ್ಲೂ ಎರಡನ್ನೂ ಒಟ್ಟಿಗೆ ಪಡೆದವರೇ ಮುಂದಿದ್ದರು: ಅವರಲ್ಲಿ ಶೇ 80.7 ಮಂದಿಗೆ ಗಣನೀಯ ಸುಧಾರಣೆಯಾದರೆ, ಚಿಕಿತ್ಸೆ ಮಾತ್ರ ಪಡೆದವರಲ್ಲಿ ಶೇ 59.7, ಔಷಧಿ ಮಾತ್ರ ಪಡೆದವರಲ್ಲಿ ಶೇ 54.9. ಬ್ರಿಟನ್ನಿನ 2005ರ ಮಾರ್ಗಸೂಚಿಯೂ ಗೀಳು ಕಾಯಿಲೆಯ ಮಕ್ಕಳಿಗೆ ಮೊದಲು ಕುಟುಂಬವನ್ನು ಒಳಗೊಂಡ ವರ್ತನಾ ಚಿಕಿತ್ಸೆಯನ್ನು, ಅದು ಸಾಲದಾದಾಗ ಎಚ್ಚರಿಕೆಯ ನಿಗಾದೊಡನೆ ಔಷಧಿಯನ್ನು ಸೂಚಿಸಿತು. ಈ ಚಿಕಿತ್ಸೆಯೆಂದರೆ ಬುದ್ಧಿವಾದವಲ್ಲ. ಹೆದರಿಸುವ ವಸ್ತುವನ್ನು ಮಗು ಹಂತಹಂತವಾಗಿ ಎದುರಿಸುತ್ತ, ಕೈ ತೊಳೆಯದೆಯೂ ಆತಂಕ ತಾನಾಗಿ ಇಳಿಯುತ್ತದೆಂಬುದನ್ನು ಸ್ವತಃ ಕಂಡುಕೊಳ್ಳುವ ಶಿಸ್ತಿನ ಅಭ್ಯಾಸ.

ಪೋಷಕರ ಭಯಕ್ಕೂ ಆಧಾರವಿದೆ. ಖಿನ್ನತೆ, ಗೀಳು ಮೊದಲಾದ ಕಾಯಿಲೆಗಳಿಗೆ ಬಳಸುವ ಈ ಬಗೆಯ ಔಷಧಿಗಳ 24 ಪ್ರಯೋಗಗಳನ್ನು, ಅಂದರೆ 4,400ಕ್ಕೂ ಹೆಚ್ಚು ಎಳೆಯರ ಮಾಹಿತಿಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಪರಿಶೀಲಿಸಿತು. ಆತ್ಮಹತ್ಯೆಯ ಆಲೋಚನೆ ಅಥವಾ ವರ್ತನೆ ಹುಸಿಮಾತ್ರೆ ಪಡೆದವರಲ್ಲಿ ಶೇ 2ರಷ್ಟಿದ್ದರೆ ಔಷಧಿ ಪಡೆದವರಲ್ಲಿ ಶೇ 4ರಷ್ಟಿತ್ತು. ಆ ಪ್ರಯೋಗಗಳಲ್ಲಿ ಯಾರೂ ಆತ್ಮಹತ್ಯೆಯಿಂದ ಸಾಯಲಿಲ್ಲ. ಆದರೂ 2004ರ ಅಕ್ಟೋಬರಿನಲ್ಲಿ ಔಷಧಿಯ ಮಾಹಿತಿಪತ್ರದಲ್ಲಿ ಕಪ್ಪು ಚೌಕಟ್ಟಿನ ಎಚ್ಚರಿಕೆ ಮುದ್ರಿಸಬೇಕೆಂದು ಸಂಸ್ಥೆ ಆದೇಶಿಸಿತು. ಆ ಎಚ್ಚರಿಕೆ ಔಷಧಿಯನ್ನು ನಿಷೇಧಿಸುವುದಿಲ್ಲ. ಆರಂಭದ ಕೆಲವು ತಿಂಗಳು ಹಾಗೂ ಪ್ರಮಾಣ ಬದಲಾದಾಗಲೆಲ್ಲ ಮಗುವನ್ನು ಹತ್ತಿರದಿಂದ ಗಮನಿಸಬೇಕು ಎನ್ನುತ್ತದೆ. ಇದರ ಜೊತೆಗೆ ಇನ್ನೊಂದು ಸಂಗತಿ: ಗೀಳು ಕಾಯಿಲೆಯಲ್ಲಿ ಔಷಧಿಯ ಪೂರ್ಣ ಪರಿಣಾಮ ಕಾಣಲು ಎಂಟರಿಂದ ಹನ್ನೆರಡು ವಾರ ಬೇಕಾಗಬಹುದು, ಅಡ್ಡಪರಿಣಾಮಗಳಾದರೋ ಮೊದಲ ವಾರಗಳಲ್ಲೇ ಕಾಣಿಸಿಕೊಳ್ಳುತ್ತವೆ. ಕಷ್ಟ ಮೊದಲು, ಫಲ ಆಮೇಲೆ. ಈ ನಡುವಿನ ಅವಧಿಯಲ್ಲೇ ಕುಟುಂಬ ಒಂಟಿಯಾಗುತ್ತದೆ.

ಇಲ್ಲಿಂದ ಮುಂದಿನದು ಅರ್ಥಶಾಸ್ತ್ರದ ಪ್ರಶ್ನೆ. ಫ್ಲುಆಕ್ಸೆಟಿನ್‌ನಂಥ ಔಷಧಿ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಚೀಟಿಯಿದ್ದರೆ ತಾಲ್ಲೂಕು ಕೇಂದ್ರದ ಔಷಧಿ ಅಂಗಡಿಯಲ್ಲೂ ತಿಂಗಳಿಗೆ ಕೆಲವು ನೂರು ರೂಪಾಯಿಯೊಳಗೆ ಸಿಗುತ್ತದೆ. ವರ್ತನಾ ಚಿಕಿತ್ಸೆ ಹಾಗಲ್ಲ. 2004ರ ಅಧ್ಯಯನದಲ್ಲಿ ಮಗುವೊಂದಕ್ಕೆ ಹನ್ನೆರಡು ವಾರಗಳಲ್ಲಿ 14 ಭೇಟಿಗಳಿದ್ದವು. ಬೆಂಗಳೂರಿನ ಖಾಸಗಿ ಚಿಕಿತ್ಸಕರಿಗೆ ತಾವು ಭೇಟಿಯೊಂದಕ್ಕೆ ತೆತ್ತದ್ದು ಒಂದೂವರೆ ಸಾವಿರ ಎಂದು ಒಬ್ಬ ತಂದೆ ಹೇಳಿದರು. ಆ ದರದಲ್ಲಿ 14 ಭೇಟಿಗೆ 21,000 ರೂಪಾಯಿ. ಚಿತ್ರದುರ್ಗದಿಂದ ಬರುವವರಾದರೆ 14 ಸಲ ಇನ್ನೂರು ಕಿಲೋಮೀಟರ್ ಬಂದು ಹೋಗುವ ಖರ್ಚು, 14 ದಿನಗಳ ಕೂಲಿ ಅಥವಾ ರಜೆ, ಮಗುವಿಗೆ 14 ದಿನಗಳ ಪಾಠ ನಷ್ಟ. ಕೈಬಿಟ್ಟುಹೋದ ಗಳಿಕೆಯನ್ನೂ ಸೇರಿಸಿ ಲೆಕ್ಕ ಮಾಡುವುದೇ ಅರ್ಥಶಾಸ್ತ್ರದಲ್ಲಿ ನಿಜವಾದ ವೆಚ್ಚ. ಹೀಗಿರುವಾಗ ‘ಮಾತ್ರೆಯೋ ಚಿಕಿತ್ಸೆಯೋ, ನೀವೇ ಆರಿಸಿಕೊಳ್ಳಿ’ ಎಂದು ಪೋಷಕರಿಗೆ ಹೇಳುವುದು ಅರ್ಥವಿಲ್ಲದ ಮಾತು. ಅಂಗಡಿಯಲ್ಲಿ ಒಂದೇ ಸರಕಿರುವಾಗ ಆಯ್ಕೆಯೆಲ್ಲಿಂದ ಬಂತು?

ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ಆ್ಯರೋ 1963ರಲ್ಲೇ ಪ್ರಸಿದ್ಧ ಪ್ರಬಂಧವೊಂದರಲ್ಲಿ ವೈದ್ಯಕೀಯ ಸೇವೆ ಇತರ ಸರಕುಗಳಂತಲ್ಲ ಎಂದು ವಾದಿಸಿದ್ದರು. ಇಲ್ಲಿ ಫಲ ಅನಿಶ್ಚಿತ. ಕೊಡುವವನಿಗೆ ಇರುವ ಜ್ಞಾನ ಪಡೆಯುವವನಿಗಿಲ್ಲ. ಆದ್ದರಿಂದ ಮಾರುಕಟ್ಟೆಯೊಂದನ್ನೇ ನೆಚ್ಚಲಾಗದು, ವಿಶ್ವಾಸವನ್ನು ಕಟ್ಟುವ ಸಂಸ್ಥೆಗಳು ಬೇಕು. ನಮ್ಮ ಮಕ್ಕಳ ಮಾನಸಿಕ ಆರೋಗ್ಯದಲ್ಲಿ ಆ ಸಂಸ್ಥೆಯ ಕೆಲಸವನ್ನು ಸದ್ಯ ಮಾಡುತ್ತಿರುವವಳು ತಾಯಿ. ಮಾತ್ರೆ ಕೊಡುವವಳೂ ಅವಳೇ, ಅಡ್ಡಪರಿಣಾಮ ಗಮನಿಸುವವಳೂ ಅವಳೇ, ಗೀಳನ್ನು ಎದುರಿಸಲು ಮಗುವನ್ನು ಅಣಿಗೊಳಿಸಬೇಕಾದವಳೂ ಅವಳೇ, ನೆಂಟರಿಂದ ಮುಚ್ಚಿಡಬೇಕಾದವಳೂ ಅವಳೇ.

ಕರ್ನಾಟಕಕ್ಕೆ ಈ ವಿಷಯದಲ್ಲಿ ವಿಶೇಷ ಹೊಣೆಯಿದೆ. ಮನೋವೈದ್ಯಕೀಯವನ್ನು ದೊಡ್ಡಾಸ್ಪತ್ರೆಯಿಂದ ಹಳ್ಳಿಯತ್ತ ಒಯ್ಯಬಹುದೆಂಬುದನ್ನು 1980ರ ದಶಕದಲ್ಲಿ ನಿಮ್ಹಾನ್ಸ್ ತೋರಿಸಿಕೊಟ್ಟದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಷ್ಟೇ ವಿಮಾ ಸೌಲಭ್ಯ ನೀಡಬೇಕೆಂದು ವಿಧಿಸಿತು. ಆದರೆ ನಮ್ಮ ಸಾಮಾನ್ಯ ಆರೋಗ್ಯ ವಿಮೆಗಳು ಆಸ್ಪತ್ರೆಯಲ್ಲಿ ದಾಖಲಾದವರನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡವು. ಗೀಳು ಕಾಯಿಲೆಯ ಮಗು ಹಾಸಿಗೆಯಲ್ಲಿ ಮಲಗುವುದಿಲ್ಲ. ವಾರವಾರ ಬಂದು ಹೋಗುತ್ತದೆ. ನಮ್ಮ ಕುಟುಂಬದ ಮಗುವಿನ ಬಿಲ್ಲುಗಳೂ ‘ಹೊರರೋಗಿ ವೆಚ್ಚ’ ಎಂಬ ಒಂದೇ ಸಾಲಿನೊಂದಿಗೆ ಹಿಂದಿರುಗಿದವು. ಕಾಯ್ದೆಯ ಆಶಯ ಸಮಾನತೆ. ವಿಮಾ ಪತ್ರದ ಷರತ್ತಿನಲ್ಲಿ ಅದು ಸೋರಿಹೋಗುತ್ತದೆ.

ಆಗಬೇಕಾದದ್ದು ಅಸಾಧ್ಯವೇನಲ್ಲ. ಒಂದು, ಜಿಲ್ಲಾ ತಂಡಗಳಲ್ಲಿ ಮನಶ್ಶಾಸ್ತ್ರಜ್ಞರ ಹುದ್ದೆಗಳನ್ನು ಖಾಲಿ ಬಿಡದೆ ತುಂಬಿ, ಅವರಿಗೂ ಮನೋವೈದ್ಯಕೀಯ ದಾದಿಯರಿಗೂ ಮಕ್ಕಳ ವರ್ತನಾ ಚಿಕಿತ್ಸೆಯಲ್ಲಿ ತರಬೇತಿ ಕೊಡಬೇಕು. ತರಬೇತಿ ಕೊಡಬಲ್ಲ ಸಂಸ್ಥೆ ನಮ್ಮ ರಾಜಧಾನಿಯಲ್ಲೇ ಇದೆ. ಎರಡು, ಮಗುವಿಗೆ ಈ ಔಷಧಿ ಆರಂಭಿಸಿದ ಮೊದಲ ಮೂರು ತಿಂಗಳು ಕುಟುಂಬಕ್ಕೆ ನಿಗದಿತ ದಿನಗಳಲ್ಲಿ ಆಸ್ಪತ್ರೆಯ ಕಡೆಯಿಂದಲೇ ದೂರವಾಣಿ ಕರೆ ಹೋಗಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ, 14416, ಕನ್ನಡದಲ್ಲೂ ದೊರೆಯುತ್ತದೆ. ಕರೆ ಬಂದಾಗ ಉತ್ತರಿಸುವ ಆ ವ್ಯವಸ್ಥೆಯನ್ನು ತಾನಾಗಿ ಕರೆ ಮಾಡುವಂತೆ ವಿಸ್ತರಿಸಬಹುದು. ಮೂರು, ಔಷಧಿಯ ಜೊತೆ ಸರಳ ಕನ್ನಡದ ಒಂದು ಪುಟ ಕೊಡಬೇಕು: ಫಲಕ್ಕೆ ಎಷ್ಟು ವಾರ ಕಾಯಬೇಕು, ಯಾವ ಲಕ್ಷಣ ಕಂಡರೆ ತಕ್ಷಣ ವೈದ್ಯರನ್ನು ಕಾಣಬೇಕು, ಗುಣವಾಯಿತೆಂದು ಏಕಾಏಕಿ ನಿಲ್ಲಿಸದೆ ವೈದ್ಯರ ಸಲಹೆಯಂತೆ ಹಂತಹಂತವಾಗಿ ಏಕೆ ಇಳಿಸಬೇಕು. ಆ ಪುಟವನ್ನು ಓದಿ ಅರ್ಥಮಾಡಿಕೊಳ್ಳುವ ವಯಸ್ಸಿನ ಮಗುವಿಗೂ ತೋರಿಸಬೇಕು. ನುಂಗುವುದು ಅದೇ ತಾನೇ. ನಾಲ್ಕು, ಹೊರರೋಗಿ ಮನೋಚಿಕಿತ್ಸೆಗೆ ಕನಿಷ್ಠ ಒಂದು ಮಿತಿಯವರೆಗೆ ವಿಮೆ ಅನ್ವಯಿಸಬೇಕು.

ಇದಕ್ಕೆಲ್ಲ ಹಣ ಎಲ್ಲಿದೆ ಎಂದು ಕೇಳುವವರಿರುತ್ತಾರೆ. ಆಯವ್ಯಯದ ಸಭೆಗಳಲ್ಲಿ ಆ ಪ್ರಶ್ನೆಯನ್ನು ನಾನೂ ಬಹಳ ಸಲ ಕೇಳಿಸಿಕೊಂಡಿದ್ದೇನೆ. ಹಣ ಈಗಲೂ ಖರ್ಚಾಗುತ್ತಲೇ ಇದೆ: ತಂದೆಯ ಸಾಲದಲ್ಲಿ, ತಾಯಿ ಬಿಟ್ಟ ನೌಕರಿಯಲ್ಲಿ, ಮಗು ಕಳೆದುಕೊಂಡ ಶಾಲಾ ವರ್ಷದಲ್ಲಿ. ಸರ್ಕಾರದ ಲೆಕ್ಕಪುಸ್ತಕದಲ್ಲಿ ಕಾಣುವುದಿಲ್ಲ ಎಂದ ಮಾತ್ರಕ್ಕೆ ಅದು ವೆಚ್ಚವಲ್ಲವೆನ್ನಲಾದೀತೇ? ಮಾತ್ರೆ ಕೊಡಬೇಕೇ ಬೇಡವೇ ಎಂಬುದನ್ನು ವೈದ್ಯರೂ ಕುಟುಂಬವೂ ಕೂಡಿ ನಿರ್ಧರಿಸಲಿ. ಅದರಲ್ಲಿ ಮೂರನೆಯವರು ತಲೆ ಹಾಕಬೇಕಿಲ್ಲ. ಆದರೆ ನಿರ್ಧರಿಸಿದ ಮೇಲಿನ ಹನ್ನೆರಡು ವಾರಗಳಲ್ಲಿ ಆ ಮನೆಯವರು ಒಂದು ಸಂದೇಹ ಕೇಳಬೇಕೆಂದಾಗ ಕೇಳಿಸಿಕೊಳ್ಳುವ ಕಿವಿಯೊಂದಿರಬೇಕು. ಅಷ್ಟನ್ನು ಒದಗಿಸುವುದು ಸರ್ಕಾರದ ಕೆಲಸ.