ಪಥ್ಯ ಬರೆದವರು ಯಾರು?

ಇದು ನನ್ನ ಚಿಕ್ಕವ್ವನ ತಟ್ಟೆಯ ಕಥೆ. ಆದ್ರೆ ಅವಳೊಬ್ಬಳ ಕಥೆ ಅಲ್ಲ, ಅದಕ್ಕೇ ಬರೀತಿದೀನಿ. ಉದ್ದ ಇದೆ, ಪೂರ್ತಿ ಓದಿ.

ಚಿಕ್ಕವ್ವ ಮೂವತ್ತು ವರ್ಷ ಬೆಂಗಳೂರಿನ ಬೀದಿ ಗುಡಿಸಿದವಳು. ಕಳೆದ ವರ್ಷ ಲಕ್ವ ಹೊಡೆದು ಬಲಗಡೆ ಬಿದ್ದುಹೋಯ್ತು. ಮಾತೂ ನಿಂತುಹೋಯ್ತು. ಮಗ ಡ್ರೈವರ್, ಸೊಸೆ ಗಾರ್ಮೆಂಟ್ಸ್‌ಗೆ ಹೋಗ್ತಾಳೆ. ಹಗಲು ನೋಡಿಕೊಳ್ಳೋರಿಲ್ಲ ಅಂತ ಸಾಲ ಮಾಡಿ ಒಂದು ವೃದ್ಧರ ಆರೈಕೆ ಕೇಂದ್ರಕ್ಕೆ ಸೇರಿಸಿದ್ವಿ. ಸೇರಿಸಿದ ದಿನ ತೂಕ 48 ಕೆ.ಜಿ. ಮೂರು ತಿಂಗಳಿಗೆ 42. ಸೊಂಟದ ಹಿಂದೆ ಹಾಸಿಗೆ ಹುಣ್ಣು.

ಫೈಲ್ ಕೇಳಿದೆ. ಊಟದ ಕಾಲಂನಲ್ಲಿ 'ಲಘು ಸಾತ್ವಿಕ ಪಥ್ಯ' ಅಂತಿತ್ತು. ತೊಂಬತ್ತು ದಿನ, ಮೂರೂ ಹೊತ್ತು, ಒಂದೇ ಪೆನ್ನು, ಒಂದೇ ಕೈಬರಹ: 'ಸೇವಿಸಿದ್ದಾರೆ'. ಈ ಪಥ್ಯ ಹೇಳಿದ ಡಾಕ್ಟರ್ ಯಾರು ಅಂದೆ. 'ಇಲ್ಲಿ ಎಲ್ಲರಿಗೂ ಇದೇ. ಮೊಟ್ಟೆ, ಮಾಂಸ ವಯಸ್ಸಾದವರಿಗೆ ಜೀರ್ಣ ಆಗಲ್ಲ' ಅಂದ್ರು ಮ್ಯಾನೇಜರ್. ಅದೇ ಫೈಲಿನ ಮೊದಲ ಹಾಳೆ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ. ಅದರಲ್ಲಿ ಡಾಕ್ಟರ್ ಬರೆದಿದ್ದು: ಮೆತ್ತಗಿನ ಆಹಾರ, ಹೆಚ್ಚು ಪ್ರೋಟೀನ್, ದಿನಕ್ಕೆ ಎರಡು ಮೊಟ್ಟೆ.

'ಮೆತ್ತಗಿನ' ಉಳೀತು. ಮೊಟ್ಟೆ ಹೋಯ್ತು. ಆ ಜಾಗಕ್ಕೆ 'ಸಾತ್ವಿಕ' ಬಂತು.

ಗೆಳೆಯರೇ, ಪಥ್ಯ ಬೇರೆ, ಮಡಿ ಬೇರೆ. ಪಥ್ಯಕ್ಕೆ ಒಂದು ಕಾಯಿಲೆ, ಒಂದು ಕಾರಣ, ಒಂದು ಅಳತೆ, ಒಂದು ಸಹಿ ಇರುತ್ತೆ. ಡಯಾಲಿಸಿಸ್‌ಗೆ ಹೋಗದ ಕಿಡ್ನಿ ರೋಗಿಗೆ ಪ್ರೋಟೀನ್ ಕಡಿಮೆ ಮಾಡು ಅಂತ ಡಾಕ್ಟರ್ ಹೇಳಬಹುದು. ಅದೇ ಮನುಷ್ಯ ಡಯಾಲಿಸಿಸ್ ಶುರು ಮಾಡಿದ ಮೇಲೆ ಪ್ರೋಟೀನ್ ಹೆಚ್ಚು ಬೇಕು. ಹಳೇ ಚೀಟಿ ಹಾಗೇ ಉಳಿದ್ರೆ ಅವನನ್ನ ಉಪವಾಸ ಕೆಡವಿದಂಗೆ. ಇನ್ಸುಲಿನ್ ಚುಚ್ಚಿ ಊಟ ತಡ ಮಾಡಿದ್ರೆ ಸಕ್ಕರೆ ಇಳಿದು ಪ್ರಜ್ಞೆ ತಪ್ಪುತ್ತೆ. ಅದಕ್ಕೇ ದಿನಾಂಕ, ಹೊತ್ತು, ಎಷ್ಟು ತಿಂದ್ರು ಅನ್ನೋದೆಲ್ಲ ಬರೀಬೇಕು. ಅದೂ ಔಷಧಿಯಷ್ಟೇ ಚಿಕಿತ್ಸೆ.

ನುಂಗೋಕೆ ಕಷ್ಟ ಅಂದ್ರೆ ಬದಲಾಗಬೇಕಾದ್ದು ಹದ, ಪದಾರ್ಥ ಅಲ್ಲ. ಮೊಟ್ಟೆ ಹಿಸುಕಬಹುದು, ಕೈಮ ನುಣ್ಣಗೆ ರುಬ್ಬಬಹುದು. ನುಂಗುವ ತೊಂದರೆ ಇರೋರ ಆಹಾರ, ಪಾನೀಯಗಳ ಹದಕ್ಕೆ ಅಂತಾನೇ 0ಯಿಂದ 7ರವರೆಗೆ ಒಂದು ಅಂತರರಾಷ್ಟ್ರೀಯ ಅಳತೆ ಇದೆ. ಅದರಲ್ಲಿ 'ಸಾತ್ವಿಕ' ಅನ್ನೋ ಮಟ್ಟ ಇಲ್ಲ.

ಹಾಸಿಗೆ ಹುಣ್ಣು ಇರೋ, ಸೊರಗಿದ ರೋಗಿಗೆ ಪ್ರತಿ ಕೆ.ಜಿ. ತೂಕಕ್ಕೆ ದಿನಕ್ಕೆ 1.25ರಿಂದ 1.5 ಗ್ರಾಂ ಪ್ರೋಟೀನ್ ಬೇಕು ಅನ್ನುತ್ತೆ ವೈದ್ಯಶಾಸ್ತ್ರ. 48 ಕೆ.ಜಿ.ಗೆ ಲೆಕ್ಕ ಹಾಕಿ: 60ರಿಂದ 72 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇದೆ. ತಿಳಿಸಾರು, ಅನ್ನದಲ್ಲಿ ಎಷ್ಟಿದೆ ಅಂತ ನೀವೇ ಹೇಳಿ. ಬೇಳೆ, ಹಾಲು, ಸೋಯಾದಲ್ಲೂ ಪ್ರೋಟೀನ್ ಇದೆಯಲ್ಲ ಅಂತೀರಾ? ಇದೆ. ಅದನ್ನಾದ್ರೂ ಅಳೆದು ಕೊಟ್ರಾ? ಬರೆದ್ರಾ? ಇಲ್ಲ.

2021ರ ಕೊನೆಗೆ ಕಲ್ಯಾಣ ಕರ್ನಾಟಕದ ಶಾಲಾ ಮಕ್ಕಳ ತಟ್ಟೆಗೆ ಮೊಟ್ಟೆ ಬಂದಾಗ ಕೆಲವು ಮಠಾಧೀಶರು ಗಲಾಟೆ ಎಬ್ಬಿಸಿದ್ರು. ನಮ್ಮ ಊಟ ಬೇಡ ಅನ್ನೋಕೆ ನೀವ್ಯಾರು ಅಂತ ಮಕ್ಕಳೇ ತಿರುಗಿ ಕೇಳಿದ್ರು. ಮಾತು ಬಿದ್ದುಹೋದ ಮುದುಕಿ ಹೇಗೆ ಕೇಳ್ತಾಳೆ? ಅವಳ ಪರವಾಗಿ ಮಾತಾಡಬೇಕಾಗಿದ್ದು ಆ ಫೈಲು. ಅದೇ ಸುಳ್ಳು ಹೇಳಿದ್ರೆ?

ಸತ್ಯ ಗೊತ್ತಿದ್ದವರು ಅಲ್ಲಿ ಇದ್ರು. ಚಿಕ್ಕವ್ವನಿಗೆ ತಿನ್ನಿಸ್ತಿದ್ದ ಆಯಾ ನಮ್ಮವಳೇ. 'ಅಕ್ಕ ಅರ್ಧನೂ ತಿಂತಿರ್ಲಿಲ್ಲಣ್ಣ, ಬಾಯಿ ಬಿಗಿ ಹಿಡಿತಿದ್ರು' ಅಂದಳು. ಬರೀಲಿಲ್ಲ ಯಾಕೆ ಅಂದೆ. 'ರಿಜಿಸ್ಟರ್ ಮುಟ್ಟಂಗಿಲ್ಲ ನಾವು.' ತಟ್ಟೆ ತೊಳೆಯೋ ಕೈಗೆ ಪೆನ್ನಿಲ್ಲ. ಪೆನ್ನಿರೋ ಕೈ ತಟ್ಟೆ ನೋಡಿಲ್ಲ. ಈ ವ್ಯವಸ್ಥೆಯ ಹೆಸರು ನಮಗೆ ಹೊಸದಾ?

ಅಮೆರಿಕದ ನರ್ಸಿಂಗ್ ಹೋಮ್ ನಿಯಮದಲ್ಲಿ ಚಿಕಿತ್ಸಾ ಪಥ್ಯವನ್ನ ವೈದ್ಯರೇ ಬರೆದುಕೊಡಬೇಕು, ಇಲ್ಲಾ ಅವರು ಆ ಜವಾಬ್ದಾರಿ ವಹಿಸಿದ ಆಹಾರ ತಜ್ಞರು ಬರೀಬೇಕು. ಅಲ್ಲಿರೋರ ಧರ್ಮ, ಸಂಸ್ಕೃತಿಗೆ ತಕ್ಕ ಊಟಕ್ಕೆ ಪ್ರಯತ್ನಿಸಬೇಕು ಅಂತಲೂ ಇದೆ. ನಮ್ಮಲ್ಲಿ 2007ರ ಹಿರಿಯ ನಾಗರಿಕರ ಕಾಯ್ದೆಯ 19ನೇ ಕಲಂ ಜಿಲ್ಲೆಗೊಂದಾದರೂ ವೃದ್ಧಾಶ್ರಮ, ಅದರಲ್ಲಿ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಜಾಗ ಅನ್ನುತ್ತೆ. ಅವುಗಳ ಗುಣಮಟ್ಟ ನಿಗದಿ ಮಾಡೋ ಅಧಿಕಾರವನ್ನೂ ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ಸರ್ಕಾರಿ ಆಶ್ರಮದಿಂದಲೇ ಶುರುವಾಗಲಿ, ಖಾಸಗಿಯವರಿಗೂ ಅದೇ ನಿಯಮ ಬರಲಿ.

ನಮ್ಮ ಬೇಡಿಕೆ ಇಷ್ಟೇ:

1. ಸಹಿ, ಕಾರಣ, ಮರುಪರಿಶೀಲನೆ ದಿನಾಂಕ ಇಲ್ಲದ ಪಥ್ಯ ಪಥ್ಯವೇ ಅಲ್ಲ.
2. ಸಂಸ್ಥೆಯ ಅಡುಗೆ ನಿಯಮವನ್ನ ವೈದ್ಯಕೀಯ ಕಾಲಂನಲ್ಲಿ ಬರೀಬಾರದು. ಸೇರಿಸೋ ಮೊದಲೇ ಮನೆಯವರಿಗೆ ಹೇಳಬೇಕು.
3. ಬಂದ ದಿನವೇ ಅವರ ಊಟದ ರೂಢಿ ಕೇಳಿ ಬರೀಬೇಕು. ಮಾಂಸ ತಿನ್ನೋರು ಅಂದ್ರೆ ಹಾಗೇ ಬರೀರಿ, ನಾಚಿಕೆ ಯಾಕೆ?
4. ತಿನ್ನಿಸಿದವರೇ ಬರೀಬೇಕು: ಪೂರ್ತಿ, ಅರ್ಧ, ಬಿಟ್ಟರು. ಬರೆಯೋಕೆ ಬಾರದಿದ್ರೆ ಚಿತ್ರದ ಗುರುತು ಸಾಕು.
5. ತಿಂಗಳಿಗೊಮ್ಮೆ ತೂಕ. ಒಂದೇ ತಿಂಗಳಲ್ಲಿ ನೂರಕ್ಕೆ 5ರಷ್ಟು ಇಳಿದ್ರೆ ಡಾಕ್ಟರನ್ನ ಕರೀಬೇಕು.

ನಿಮ್ಮವರು ಯಾರಾದ್ರೂ ಅಂಥ ಜಾಗದಲ್ಲಿದ್ರೆ ಈ ಭಾನುವಾರ ಹೋಗಿ. ಹಣ್ಣು ಕೊಟ್ಟು ಬರಬೇಡಿ, ಫೈಲ್ ಕೇಳಿ. ಡಿಸ್ಚಾರ್ಜ್ ಚೀಟಿ ಪಕ್ಕ ಇಟ್ಟು ಓದಿ. ಊಟದ ಹೊತ್ತಲ್ಲಿ ಕೂತು ನೋಡಿ.

ಚಿಕ್ಕವ್ವ ಈಗ ಮನೇಲಿದ್ದಾಳೆ. ಸೊಸೆ ಕೆಲಸ ಬಿಟ್ಟಳು. ಸಾಲ ಹಾಗೇ ಇದೆ, ಹುಣ್ಣು ಇನ್ನೂ ಪೂರ್ತಿ ಮಾಗಿಲ್ಲ. ಮೊನ್ನೆ ಹಿಸುಕಿದ ಮೊಟ್ಟೆಗೆ ಖಾರ ಹಾಕಿ ಬಾಯಿಗಿಟ್ಟೆ. ಬಿಗಿ ಹಿಡಿಯಲಿಲ್ಲ. ತಟ್ಟೆ ಪೂರ್ತಿ ಖಾಲಿ. ಸೊಸೆ ನೋಟ್‌ಬುಕ್ಕಲ್ಲಿ ಬರೆದಿಟ್ಟಿದ್ದಾಳೆ, ತಾರೀಖಿನ ಸಮೇತ.

ಜೈಭೀಮ್.