ಮಾಡಿದರೆ ಹೋಗೋದೇನು?

“ನಂಬಿಕೆ ಇರಲಿ ಬಿಡಲಿ, ಮಾಡಿದರೆ ಹೋಗೋದೇನು?” ಈ ಮಾತು ಕೇಳದೆ ಬೆಳೆದ ಹೆಣ್ಣುಮಗಳು ನಮ್ಮ ಕಡೆ ಸಿಗಲಾರಳು. ಕೇಳುವುದಕ್ಕೆ ಎಷ್ಟು ಸಾಧುವಾದ ಮಾತು! ನನಗೆ ಸಿಟ್ಟಿರುವುದು ಇದರ ಮೇಲೆಯೇ. ನೋಡಲು ಪ್ರಶ್ನೆಯಂತಿದೆ, ಆದರೆ ಉತ್ತರ ಹೇಳಹೊರಟವಳು ಮನೆಮುರುಕಿ ಎನಿಸಿಕೊಳ್ಳುತ್ತಾಳೆ.

ಹಾಗೆಂದು ಅಜ್ಜಿಯನ್ನು ಕಂಡು ನಗುವ ವಿಚಾರವಾದಿಗಳ ಗುಂಪಿಗೂ ನಾನು ಸೇರಿದವಳಲ್ಲ. ಭಯ ತರ್ಕದಿಂದ ಹುಟ್ಟಿದ್ದಲ್ಲ, ತರ್ಕಕ್ಕೆ ಹೆದರಿ ಓಡುವುದೂ ಇಲ್ಲ. ಮಗು ರಚ್ಚೆ ಹಿಡಿದಾಗ ಉಪ್ಪು ಮೆಣಸಿನಕಾಯಿ ನಿವಾಳಿಸುವ ಅಜ್ಜಿಗೆ ಅದೊಂದು ಸಮಾಧಾನ. ಜ್ವರವಿದ್ದರೆ ಡಾಕ್ಟರ ಹತ್ತಿರವೂ ಕರೆದೊಯ್ದರಾಯಿತು. ಅವಳೊಡನೆ ವಾದಕ್ಕಿಳಿಯಲು ನನಗೆ ಪುರುಸೊತ್ತಿಲ್ಲ.

ನನ್ನ ತಕರಾರು ಬೇರೆ. ಭಯ ಒಬ್ಬರದು, ತೆರುವವರು ಇನ್ನೊಬ್ಬರು. ಇದು ಯಾವ ನ್ಯಾಯ? ರಾಹುಕಾಲವನ್ನೇ ನೋಡಿ. ಹಗಲನ್ನು ಎಂಟು ಪಾಲು ಮಾಡಿ ಒಂದು ಪಾಲು ರಾಹುವಿಗೆ ಬಿಟ್ಟಿದ್ದಾರೆ. ಸೋಮವಾರ ಅದು ಬೆಳಿಗ್ಗೆ 7.30ರಿಂದ 9ರವರೆಗೆ. ಆಫೀಸಿನವರು, ಶಾಲೆಯ ಮಕ್ಕಳು ಮನೆ ಬಿಡುವ ಹೊತ್ತೂ ಅದೇ. ಅವರನ್ನು ಯಾರೂ ತಡೆಯುವುದಿಲ್ಲ, ಬಸ್ಸು ಕಾಯುವುದಿಲ್ಲವಲ್ಲ! ಸೊಸೆ ತವರಿಗೆ ಹೊರಟಳೆನ್ನಿ, ಆಗ ಕ್ಯಾಲೆಂಡರಿನ ಕಡೆ ಎಲ್ಲರ ಕಣ್ಣು. ಯಾರನ್ನು ತಡೆದರೆ ನಡೆಯುತ್ತದೆ ಎಂಬುದು ರಾಹುವಿಗೂ ಗೊತ್ತು.

ಇದು ನಗುವ ಮಾತಾಯಿತು. ಗ್ರಹಣದ ದಿನ ನಗು ಬರುವುದಿಲ್ಲ. ಬಸುರಿಯನ್ನು ಕತ್ತಲೆ ಕೋಣೆಯಲ್ಲಿ ಮಲಗಿಸಿ, ಅನ್ನವಿಲ್ಲ, ನೀರಿಲ್ಲ, ಕತ್ತರಿ ಮುಟ್ಟಬೇಡ, ಮಗ್ಗುಲು ಬದಲಿಸಬೇಡ. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹಸಿವೆ ಬಾಯಾರಿಕೆ ಇರುವುದು ಅವಳಿಗೆ. ಸೀಳುತುಟಿ ಸೂರ್ಯನ ನೆರಳಿನಿಂದ ಬರುವುದಿಲ್ಲ ಎಂದು ವೈದ್ಯರು ಎಷ್ಟು ಸಲ ಹೇಳಿದ್ದಾರೋ! 2019ರ ಡಿಸೆಂಬರ್ 26ರ ಗ್ರಹಣದಂದು ಕಲಬುರಗಿ ಬಳಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದರು, ಊನ ವಾಸಿಯಾದೀತೆಂದು. ಹೂತವರು ಹೆತ್ತವರೇ. ಪ್ರೀತಿಗೇನೂ ಕೊರತೆ ಇರಲಿಲ್ಲ.

ಬಾಣಂತಿಯ ಮಾತು ಇನ್ನೂ ಹತ್ತಿರದ್ದು. ಹೊಟ್ಟೆ ಬರುತ್ತದೆಂದು ನೀರನ್ನು ಅಳೆದು ಕೊಡುವ ಮನೆಗಳು ಪಟ್ಟಣಗಳಲ್ಲೂ ಇವೆ. ಹಾಲೂಡುವವಳಿಗೆ ನೀರು ಹೆಚ್ಚು ಬೇಕು. ಮೊದಲೇ ಮಲಬದ್ಧತೆಯಿಂದ ನರಳುವವಳಿಗೆ ಸೊಪ್ಪು ತರಕಾರಿಯೂ ಇಲ್ಲ. “ನಾವೆಲ್ಲ ಹಾಗೇ ಇದ್ದೆವು” ಎನ್ನುತ್ತಾರೆ ಹಿರಿಯರು. ಬದುಕಿ ಉಳಿದವರು ತಾನೇ ಹಾಗೆನ್ನಬಲ್ಲರು?

2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ, ಸೂತಕವೆಂದು ಊರ ಹೊರಗಿನ ಗುಡಿಸಲಲ್ಲಿ ತಾಯಿಯೊಡನೆ ಇರಿಸಿದ್ದ ಹಸುಗೂಸು ಮಳೆ ಚಳಿಯಲ್ಲಿ ತೀರಿಕೊಂಡಿತು. ದೇವರು ಮುನಿದಾನೆಂಬ ಭಯ. ಪತ್ರಿಕೆ ಓದಿ ‘ಅಯ್ಯೋ, ಅನಾಗರಿಕರು’ ಎಂದವರ ಮನೆಯಲ್ಲಿ ತಿಂಗಳ ಮೂರು ದಿನ ಮಗಳ ಲೋಟ, ಚಾಪೆ ಬೇರೆ ಇಲ್ಲವೇನು? ಗುಡಿಸಲಿನ ಬದಲು ಹಿತ್ತಲ ಕೋಣೆ, ಅಷ್ಟೇ.

ಗಂಡಸರು ಪವಾಡಗಳನ್ನು ಪರೀಕ್ಷಿಸಿದ್ದುಂಟು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯನವರು ಅದಕ್ಕೆಂದೇ ಸಮಿತಿ ಮಾಡಿದರು. ದೊಡ್ಡ ಕೆಲಸವೇ. ಆದರೆ ಬಾಣಂತಿ ಕೋಣೆಗೆ ಯಾವ ಸಮಿತಿ ಬಂದೀತು? ಸರ್ಕಾರ 2017ರಲ್ಲಿ ಮೌಢ್ಯ ಪ್ರತಿಬಂಧಕ ಕಾಯ್ದೆ ಮಾಡಿತು, 2020ರ ಜನವರಿಯಲ್ಲಿ ಅದು ಜಾರಿಗೆ ಬಂತು. ಮುಟ್ಟಾದವರನ್ನು, ಬಸುರಿಯರನ್ನು ಊರಿನಿಂದ ಹೊರಗಿಡುವುದು ಅದರ ಪ್ರಕಾರ ಅಪರಾಧ. ಪೂಜೆ, ಯಾತ್ರೆ, ಹರಿಕಥೆಗಳಿಗೆ ಅಡ್ಡಿಯಿಲ್ಲ. ಕಾನೂನಿಗೂ ಎರಡರ ನಡುವಿನ ಗೆರೆ ತಿಳಿದಿದೆ. ನಮ್ಮ ಮನೆಗಳಲ್ಲಿ ಅದನ್ನು ಎಳೆಯಬೇಕಾದವರು ನಾವು, ಅತ್ತೆಯರೂ ಅಮ್ಮಂದಿರೂ.

ಮುಂದಿನ ಸೂರ್ಯಗ್ರಹಣಕ್ಕೆ ಸ್ನಾನ ಮಾಡುವವರು ಮಾಡಲಿ, ನೀರಿನ ಕೊಡಕ್ಕೆ ದರ್ಭೆ ಹಾಕುವವರು ಹಾಕಲಿ. ಮನೆಯಲ್ಲಿ ಬಸುರಿ ಇದ್ದರೆ ಊಟ ಬಡಿಸಿ, ಒಂದು ಚೊಂಬು ನೀರಿಟ್ಟು, ಬರಿಗಣ್ಣಿನಿಂದ ಸೂರ್ಯನನ್ನು ನೋಡಬೇಡವಮ್ಮ ಎಂದಷ್ಟೇ ಹೇಳಿ. ಈ ಮಾತನ್ನು ಮನೆಯ ಗಂಡಸರಿಗೂ ಹೇಳಬೇಕಾಗುತ್ತದೆ.